ಹೆಚ್ಚಿನ ಎರಡು ಗಂಟೆ

ನಂಬೋದು ಬಿಡೋದು ನಿಮ್ಮಿಷ್ಟ. ತಲೆ ಕೆಟ್ಟಿದೆ ಅಂತ ಮಾತ್ರ ಹೇಳಬೇಡಿ, ಅದನ್ನು ನಮ್ಮ ಸಾಹೇಬರು ಆಗಲೇ ಹೇಳಿಯಾಗಿದೆ.

ವಿಮಾನ ಎಷ್ಟು ಹೊತ್ತು ಹಾರುತ್ತೆ, ಎಷ್ಟು ಇಂಧನ ಬೇಕು ಅಂತ ಲೆಕ್ಕ ಹಾಕಿ ಸಹಿ ಮಾಡೋದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಸಮುದ್ರದಾಚೆಯ ಆ ನಿಲ್ದಾಣ ಒಂಬತ್ತು ಸಾವಿರ ಕಿಲೋಮೀಟರ್ ದೂರ, ಹನ್ನೊಂದು ಗಂಟೆಯ ಹಾದಿ. ಹೋದ ಸೋಮವಾರ ಕಂಪ್ಯೂಟರ್ ಹದಿಮೂರು ಅಂದಿತು. ಗಾಳಿ, ತೂಕ ಎಲ್ಲ ಮತ್ತೆ ಹಾಕಿದೆ, ಹದಿಮೂರೇ ಬಂತು. ವಿಮಾನ ಓಡಿಸುವವರು ನನ್ನ ಸ್ವಂತ ಭಾವ. ಎರಡು ಗಂಟೆಯ ಇಂಧನ ಹೆಚ್ಚಿಗೆ ತುಂಬಿಸಿದೆ.

ಅವರು ಸರಿಯಾಗಿ ಹನ್ನೊಂದನೇ ಗಂಟೆಗೆ ಇಳಿದರು. ಸಾಹೇಬರು ಎಲ್ಲರೆದುರು ನನ್ನ ಮಾನ ಹರಾಜು ಹಾಕಿದರು. "ಯಾರಪ್ಪನ ಗಂಟು ಅಂತ ಸುರಿಸ್ತೀಯಾ?"

ಆಗಲೇ ಭಾವನ ಫೋನ್ ಬಂತು. "ನೀನು ಹೆಚ್ಚಿಗೆ ಹಾಕಿದ್ದೆಲ್ಲ ಉರಿದುಹೋಗಿದೆ ಕಣೋ. ಎಲ್ಲರ ಕೈಗಡಿಯಾರವೂ ಎರಡು ಗಂಟೆ ಮುಂದಿದೆ. ಕಿಟಕಿ ಗಾಜಿನ ಒಳಗಡೆ ಮಂಜು ಕಟ್ಟಿದೆ, ಒರೆಸಿದರೂ ಹೋಗ್ತಿಲ್ಲ."

ಹೇಳಿದೆ. ಸಾಹೇಬರು ನಕ್ಕರು.

ನಿನ್ನೆ ಮತ್ತೆ ಅದೇ ದಾರಿ, ಅದೇ ಭಾವ. ಕಂಪ್ಯೂಟರ್ ಹತ್ತೊಂಬತ್ತು ಗಂಟೆ ತೋರಿಸಿತು. ಟ್ಯಾಂಕು ತುಳುಕುವಷ್ಟು ತುಂಬಿಸಿದರೂ ಹದಿನೈದಕ್ಕೆ ಮುಗಿಯುತ್ತೆ. ಸಹಿ ಹಾಕಲ್ಲ ಅಂತ ಪೆನ್ನು ಬಿಸಾಕಿದೆ. ಸಾಹೇಬರು ಅದನ್ನೇ ಎತ್ತಿಕೊಂಡು, "ಹನ್ನೊಂದು" ಅಂತ ತಿದ್ದಿ, ತಾವೇ ಸಹಿ ಹಾಕಿದರು.

ಹನ್ನೊಂದನೇ ಗಂಟೆಗೆ ಇಳಿಯಿತು ಅಂತ ಆ ನಿಲ್ದಾಣದವರು ಬರೆದು ಕಳಿಸಿದ್ದಾರೆ. ಸಾಹೇಬರು ಆ ಕಾಗದವನ್ನು ನನ್ನ ಮುಖದ ಮೇಲೆ ಎಸೆದು ಮನೆಗೆ ಹೋದರು.

ಈಗ ವಿಮಾನ ಹೊರಟು ಹದಿನೇಳನೇ ಗಂಟೆ. ಭಾವನಿಗೆ ಫೋನ್ ಮಾಡಿದರೆ ಎತ್ತುತ್ತಾರೆ. ಆ ಕಡೆಯಿಂದ ಎಂಜಿನ್ ಸದ್ದು ಮಾತ್ರ ಕೇಳಿಸ್ತಿದೆ.