ಹೊಸ್ತಿಲು ದಾಟದ ಮೊಟ್ಟೆ

ಮೂರನೇ ಮಹಡಿ. ಎರಡೂ ಕೈಯಲ್ಲಿ ಡ್ರೈನೇಜ್ ಪೈಪ್. ಬಾಯಲ್ಲಿ ಬೇಯಿಸಿದ ಮೊಟ್ಟೆ!

ಕಚ್ಚಿದರೆ ಒಡೆಯುತ್ತದೆ. ಬಾಯಿ ಬಿಟ್ಟರೆ ಬೀಳುತ್ತದೆ. ಕೈ ಬಿಟ್ಟರೆ... ನಾನೇ ಬೀಳುತ್ತೇನೆ!

ಕೆಳಗೆ ಸೆಕ್ಯೂರಿಟಿ ಯಂಕಪ್ಪ ಲಾಠಿ ತಿರುಗಿಸುತ್ತಾ ಓಡಾಡುತ್ತಿದ್ದ. ಸದ್ಯ, ಇನ್ನೂ ತಲೆ ಎತ್ತಿರಲಿಲ್ಲ.

ಪಕ್ಕದಲ್ಲೇ ಅಡುಗೆಮನೆಯ ಪುಟ್ಟ ಬಾಲ್ಕನಿ. ಕಂಬಿ ಹಿಡಿದು ಒಂದು ಕಾಲು ಒಳಗೆ ಹಾಕಿದೆ, ಅಷ್ಟೇ...

ಬಾಗಿಲು ತೆರೆಯಿತು.

ಗಂಗಮ್ಮ! ಚಪಾತಿ ಮಾಡುತ್ತಿದ್ದವರು ಸದ್ದು ಕೇಳಿ ಲಟ್ಟಣಿಗೆ ಸಮೇತ ಬಂದಿದ್ದರು.

"ಯಾಂವಲೇ ನೀ?"

"ಉಂ... ಉಂ..."

"ಬಾಯಾಗ ಏನೈತಿ? ತಗಿ ಹೊರಗ!"

ನಗಬೇಡಿ ಸ್ವಾಮಿ! ನಾನು ದ್ಯಾಮಣ್ಣ. ಲಗ್ಗೆರೆಯಲ್ಲಿ ಆಫೀಸು. ಮದುವೆಗೆ ಮುಂಚೆ ಗಂಡಿನ ಗುಟ್ಟು ಪತ್ತೆ ಮಾಡುವುದು ನನ್ನ ಕಸುಬು. ಪೀಣ್ಯದ ರೌಡಿಗಳು ನನ್ನನ್ನು ಕಂಡರೆ ದಾರಿ ಬಿಡುತ್ತಾರೆ. ಅಂಥವನನ್ನು ಪೈಪ್ ಹತ್ತಿಸಿದ್ದು ಅಂಗೈಯಷ್ಟು ಉದ್ದದ ಒಂದು ಪ್ರಾಣಿ!

ಶುರುವಾಗಿದ್ದು ಒಂದು ಫೋನ್ ಕಾಲಿನಿಂದ. ಗಂಗಮ್ಮನ ಸೊಸೆ ಶೈಲಾ.

"ಅಣ್ಣಾ, ಒಂದ್ ಸ್ಮಗ್ಲಿಂಗ್ ಕೆಲ್ಸ ಐತ್ರಿ."

"ಗಾಂಜಾನಾ? ಚಿನ್ನಾನಾ? ನಾನು ಅದೆಲ್ಲಾ ಮುಟ್ಟಲ್ಲ ಮೇಡಂ."

"ಬೇಯಿಸಿದ ಮೊಟ್ಟಿ ರೀ... ನಮ್ಮನಿಗೆ."

ಫೋನ್ ಇಡೋಣ ಅಂದುಕೊಂಡೆ. ಆದರೆ ಆ ಹೆಣ್ಣುಮಗಳು ಅಳುತ್ತಿದ್ದಳು. ಹೋದೆ.

ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟು. ರಾಣೆಬೆನ್ನೂರು ಕಡೆಯ ಲಿಂಗಾಯತರ ಮನೆ. ಶೈಲಾ, ಗಂಡ ರುದ್ರೇಶ್, ಅತ್ತೆ ಗಂಗಮ್ಮ. ಮತ್ತೆ ಗುಂಡ.

ಗುಂಡ ಶುಗರ್ ಗ್ಲೈಡರ್. ನೋಡೋಕೆ ಅಳಿಲು, ಜಾತಿ ಕಾಂಗರೂ ಕಡೆಯದು. ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಪರದೆ. ಎತ್ತರದಿಂದ ನೆಗೆದರೆ ಗಾಳಿಯಲ್ಲಿ ತೇಲಬೇಕು. ಈ ಗುಂಡ ಮಾತ್ರ ಹಿಂಗಾಲು ಎಳೆದುಕೊಂಡು ತೆವಳುತ್ತಿದ್ದ.

"ಕ್ಯಾಲ್ಸಿಯಂ ಇಲ್ಲ, ಪ್ರೋಟೀನ್ ಇಲ್ಲ ಅಂದ್ರು ಡಾಕ್ಟ್ರು. ಹಿಂಗ ಬಿಟ್ರ ಕಾಲು ಪೂರ್ತಿ ಹೋಗ್ತಾವಂತ," ಎಂದಳು ಶೈಲಾ. "ಮೊದ್ಲು ಫಾರಿನ್ ಪ್ಯಾಕೆಟ್ ತರಸ್ತಿದ್ದೆ ರೀ. ಈಗ ಕೆಲ್ಸ ಹೋಗೇತಿ. ಅಷ್ಟು ರೊಕ್ಕ ಎಲ್ಲಿಂದ ತರ್ಲಿ?"

ಡಾಕ್ಟರ್ ಐಶ್ವರ್ಯಾ ಬಡವರ ಮೆನು ಹೇಳಿದ್ದರು. ಪಪ್ಪಾಯ, ನುಗ್ಗೆಸೊಪ್ಪು, ಜಾಲಿಮರದ ಅಂಟು. ಅಲ್ಲಿಯವರೆಗೆ ಶಾಂತಿ. ಆಮೇಲೆ ಬಂತು ಯುದ್ಧ... ಬೇಯಿಸಿದ ಮೊಟ್ಟೆ, ಮೊಟ್ಟೆಚಿಪ್ಪಿನ ಪುಡಿ, ಹುಳು!

ಗಂಗಮ್ಮ ಲಿಂಗಪೂಜೆ ಮುಗಿಯದೆ ನೀರು ಮುಟ್ಟದವರು. ಮೊಟ್ಟೆ ಅನ್ನುವ ಮಾತು ಬಂದರೂ ಎದ್ದು ಹೋಗುವವರು. "ನನ್ನ ಹೊಸ್ತಿಲ ದಾಟಿ ತತ್ತಿ ಒಳಗ ಬಂದ್ರ, ಈ ಇಲಿ ಹೊರಗ!" ಎಂದು ತೀರ್ಪು ಕೊಟ್ಟಾಗಿತ್ತು. ಆ ಕಡೆ ಮೊಟ್ಟೆಯನ್ನು ತತ್ತಿ ಅನ್ನುತ್ತಾರೆ.

ಸಿಕ್ಕಿಬಿದ್ದರೆ ಗುಂಡ ಬೀದಿಪಾಲು. ಸುಮ್ಮನಿದ್ದರೆ ಕುಂಟ. ಕೆಲಸ ಒಪ್ಪಿಕೊಂಡೆ.

ಮೊದಲು ಹುಳು. ಪೆಟ್ ಅಂಗಡಿಯಲ್ಲಿ ಸಿಗುವ ಹುಳುವಿಗೆ ಕೋಳಿಗಿಂತ ಹೆಚ್ಚು ರೇಟು! ನಾನು ಸೀದಾ ಆನೇಕಲ್ ಕಡೆ ಹೋದೆ. ಅಲ್ಲೊಂದು ರೀಲಿಂಗ್ ಶೆಡ್. ಗೂಡಿನಿಂದ ನೂಲು ತೆಗೆದ ಮೇಲೆ ರೇಷ್ಮೆಹುಳು ಉಳಿಯುತ್ತದಲ್ಲ, ಅದನ್ನು ಒಣಗಿಸಿಟ್ಟಿರುತ್ತಾರೆ, ಕೇಳಿದರೆ ಡಬ್ಬಿ ತುಂಬಿಸಿ ಕೊಡುತ್ತಾರೆ. ಡಾಕ್ಟರೂ ಓಕೆ ಅಂದರು. ಪ್ರೋಟೀನ್ ಸಕ್ಕತ್ತು. ವಾಸನೆ ಮಾತ್ರ... ಅಯ್ಯಯ್ಯೋ!

ವಾಪಸ್ ಬರುವಾಗ ಬಸ್ ಕಂಡಕ್ಟರ್ ನನ್ನನ್ನು ಹೆಬ್ಬಗೋಡಿಯಲ್ಲೇ ಇಳಿಸಿಬಿಟ್ಟ.

ಇಳಿದೆ. ತಿರುಗಿ ನೋಡಿದೆ. ಒಂದು ನಾಯಿ. ಮೀನಂಗಡಿ ದಾಟುವಷ್ಟರಲ್ಲಿ ಒಂದು ಹಿಂಡು!

ಓಡಿದೆ! ಹೂವಿನ ಗಾಡಿ ಹಾರಿದೆ, ಪಿ.ಜಿ. ಕಾಂಪೌಂಡಿಗೆ ನುಗ್ಗಿದೆ, ಒಣಗಲು ಹಾಕಿದ್ದ ಬೆಡ್‌ಶೀಟಿಗೆ ತಲೆ ಸಿಕ್ಕಿಸಿಕೊಂಡು ಹಿಂದಿನ ಗೇಟಿನಿಂದ ಹೊರಬಂದೆ. ಒಂದು ನಾಯಿ ಪ್ಯಾಂಟು ಕಚ್ಚಿತು. ಪ್ಯಾಂಟು ಕೊಟ್ಟೆ... ಮೊಣಕಾಲಿನವರೆಗೆ. ಡಬ್ಬಿ ಮಾತ್ರ ಬಿಡಲಿಲ್ಲ.

ಗೇಟಿನಲ್ಲಿ ಯಂಕಪ್ಪ ಮೂಗು ಮುಚ್ಚಿಕೊಂಡ. "ಡಬ್ಬ್ಯಾಗ ಏನೈತ್ರಿ ಸಾರ್?"

"ಆಯುರ್ವೇದ."

"ಯಾರಿಗ್ರಿ?"

"ನಿಂಗೂ ಸ್ವಲ್ಪ ಕೊಡ್ಲಾ?"

ಅವನು ಗೇಟು ತೆಗೆದು ದೂರ ನಿಂತ.

ಅವತ್ತಿನಿಂದ ಕಳ್ಳಸಾಗಣೆ ಸಲೀಸು, ಬಾಗಿಲಲ್ಲೇ ಶೈಲಾ ಕೈಗೆ. ಮೊಟ್ಟೆ ಹೆಲ್ಮೆಟ್ಟಿನೊಳಗೆ. ಚಿಪ್ಪಿನ ಪುಡಿ ವಿಭೂತಿಯ ಪೊಟ್ಟಣದಲ್ಲಿ. ಅದೊಂದು ಪಾಪ ಅಂತ ಗೊತ್ತು, ಆದರೆ ಬಣ್ಣ ಒಂದೇ ಇತ್ತು ಏನು ಮಾಡಲಿ!

ಆದರೆ ಗುಂಡ ತಿನ್ನಲಿಲ್ಲ.

"ಮೂಸಿ ನೋಡಿ ಮಾರಿ ತಿರಗಸ್ತಾನ್ರಿ ಅಣ್ಣಾ," ಎಂದಳು ಶೈಲಾ. "ಕಾಲು ಇನ್ನೂ ಸೋತಾವ."

ನನ್ನ ತಲೆ ಓಡಿತು. ಹಸಿವಿಲ್ಲ ಅಂದರೆ ಹೊಟ್ಟೆ ತುಂಬಿದೆ. ಯಾರೋ ಕದ್ದು ತಿನ್ನಿಸುತ್ತಿದ್ದಾರೆ! ಯಾರು? ಏನು? ಕಣ್ಣಾರೆ ನೋಡಬೇಕು. ಅಷ್ಟರಲ್ಲಿ ಗಂಗಮ್ಮ ಗೇಟಿಗೆ ಹೇಳಿ ಕಳಿಸಿದ್ದರಂತೆ: "ಆ ನಾರೂ ಆಯುರ್ವೇದದವನ್ನ ಒಳಗ ಬಿಡಬ್ಯಾಡ."

ಉಳಿದಿದ್ದು ಪೈಪು ಒಂದೇ. ಅವತ್ತಿನ ಮೊಟ್ಟೆ ಜೇಬಿನಲ್ಲಿಟ್ಟರೆ ಪೈಪಿಗೆ ಒತ್ತಿ ಅಪ್ಪಚ್ಚಿ. ಅದಕ್ಕೇ ಬಾಯಲ್ಲಿ.

ಈಗ ಗೊತ್ತಾಯಿತಲ್ಲ? ಬನ್ನಿ, ವಾಪಸ್ ಬಾಲ್ಕನಿಗೆ.

"ಬಾಯಿ ತಗೀತೀಯೋ, ಒಂದ್ ಕೊಡ್ಲೋ?" ಗಂಗಮ್ಮ ಲಟ್ಟಣಿಗೆ ಎತ್ತಿದರು.

ಸಾಕ್ಷ್ಯ ನುಂಗಿಬಿಡೋಣ ಅಂತ ಹೊರಟೆ. ಗಂಟಲಲ್ಲಿ ಸಿಕ್ಕಿಕೊಂಡಿತು! ಉಸಿರಿಲ್ಲ! ಕಣ್ಣು ಕತ್ತಲೆ!

ಗಂಗಮ್ಮ ನನ್ನ ಕಾಲರ್ ಹಿಡಿದು ಒಳಗೆಳೆದರು. ಬೆನ್ನಿನ ಮೇಲೆ ಲಟ್ಟಣಿಗೆಯಿಂದ ಒಂದೇ ಏಟು.

ಥಪ್!

ಮೊಟ್ಟೆ ಕಂಬಿ ದಾಟಿ ಹಾರಿತು.

"ಯಾವಲೇ ಅಂವ!" ಕೆಳಗಿಂದ ಯಂಕಪ್ಪ ಕೂಗಿದ. "ತಲಿ ಮ್ಯಾಲ ತತ್ತಿ ಒಗದಾಂವ!"

ಗಂಗಮ್ಮ ಬಾಲ್ಕನಿಯ ಬಾಗಿಲು ಮುಚ್ಚಿ ಚಿಲಕ ಹಾಕಿದರು. ನಾನು ಅಡುಗೆಮನೆಯ ನೆಲದ ಮೇಲೆ.

"ತತ್ತಿ ತರಾಂವ ನೀನೇ ಏನು?"

ಉತ್ತರ ಹೇಳುವ ಮೊದಲೇ ಅವರ ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಅಡಿಕೆಯ ಚಂಚಿ ಅಲ್ಲಾಡಿತು! ಚೀಲದ ಬಾಯಿಂದ ಎರಡು ದೊಡ್ಡ ಕಣ್ಣು ಇಣುಕಿದವು. ಗುಂಡ! ಮೀಸೆಗೆಲ್ಲಾ ತುಪ್ಪ!

ಮುಂಗಾಲಲ್ಲಿ ಹಿಡಿದಿದ್ದ ಚೂರು ನೋಡಿದೆ. ಬೆಲ್ಲ, ಕೊಬ್ಬರಿ, ಉತ್ತತ್ತಿ, ಹುರಿದ ಅಂಟು.

"ಅಂಟಿನ ಉಂಡೆನಾ?!"

ಗಂಗಮ್ಮನ ದನಿ ತಗ್ಗಿತು. "ಸೊಂಟಾ ಬಿದ್ದೈತಿ ಪಾಪದ್ದು. ಬಾಣಂತಿಗೆ ಸೊಂಟಾ ಗಟ್ಟಿ ಆಗ್ಲಿ ಅಂತ ಏನ್ ಕೊಡ್ತೀವಿ? ಅದನ್ನ ಕೊಟ್ಟೇನಿ."

"ಅಮ್ಮಾ, ಇವನು ಗಂಡು!"

"ಗಂಡಸಿಗೆ ಸೊಂಟಾ ಇರಂಗಿಲ್ಲೇನು?"

ಅಷ್ಟರಲ್ಲಿ ಶೈಲಾ ಓಡಿ ಬಂದಳು. ನನ್ನನ್ನು ನೋಡಿದಳು, ಚಂಚಿ ನೋಡಿದಳು, ಗೋಡೆ ಹಿಡಿದುಕೊಂಡಳು. "ಅತ್ತೀ... ನೀವಾ?"

"ಹಗಲೆಲ್ಲಾ ನನ್ನ ಸೆರಗಿನ್ಯಾಗ ಮಲಗ್ತೈತಿ. ಉಪಾಸ ಕೆಡವ್ಲೇನು?"

ನಾನು ಡಾಕ್ಟರಿಗೆ ಫೋನ್ ಮಾಡಿ, ಉಂಡೆಯ ವಿಷಯ ಹೇಳಿ ಸ್ಪೀಕರ್ ಹಾಕಿದೆ. ಐಶ್ವರ್ಯಾ ಡಾಕ್ಟರ್ ಸಿಡಿದರು.

"ಅಂಟು ಓಕೆ. ಬೆಲ್ಲ, ತುಪ್ಪ, ಉತ್ತತ್ತಿ ಇವತ್ತೇ ನಿಲ್ಸಿ! ಸಿಹಿ ತಿಂದು ಹೊಟ್ಟೆ ತುಂಬ್ತಿದೆ, ಮೂಳೆಗೆ ಏನೂ ಸಿಗ್ತಿಲ್ಲ. ಇನ್ನೂ ಲೇಟ್ ಮಾಡಿದ್ರೆ ಅವನು ಮತ್ತೆ ಹಾರಲ್ಲ ಕಣ್ರೀ. ಉಳಿಯೋದೂ ಡೌಟು."

ಫೋನ್ ಕಟ್ಟಾಯಿತು.

ಗಂಗಮ್ಮ ಚಂಚಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟರು. ಕಣ್ಣಲ್ಲಿ ನೀರು. "ನನ್ನ ಕೈಯಾರೆ ಕುಂಟ ಮಾಡಿದ್ನೇನವ್ವಾ ಶೈಲಾ?"

ರೌಡಿಗಳ ಮುಂದೆ ನಡುಗದ ನನಗೆ ಆ ಮುದುಕಿಯ ಮುಖ ನೋಡಲು ಆಗಲಿಲ್ಲ. ಶೈಲಾ ಅತ್ತೆಯ ಪಕ್ಕ ಕೂತು ಭುಜ ಹಿಡಿದಳು.

ಆಮೇಲೆ ಗಂಗಮ್ಮ ಮೂಗು ಒರೆಸಿಕೊಂಡರು.

"ನಮ್ಮ ಮನಿಯವ್ರು ಸಂತಿಗೆ ಹೋದಾಗೆಲ್ಲಾ ಆಮ್ಲೆಟ್ ತಿಂದ್ ಬರ್ತಿದ್ರು."

ಶೈಲಾ ಬಾಯಿ ತೆರೆದಳು. "ಮಾವನೋರಾ?"

"ಹೂಂ. ಬಾಯಿ ತೊಳ್ಕೊಂಡು, ಎಲಿಅಡಿಕಿ ಹಾಕ್ಕೊಂಡು ಒಳಗ ಬರ್ತಿದ್ರು. ನಾ ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ. ಸಂಸಾರ ಛಲೋ ನಡೀತು." ಅವರು ನನ್ನತ್ತ ತಿರುಗಿದರು. "ತಮ್ಮಾ, ಇವನ್ನ ದಿನಾ ಹೊರಗ ಕರ್ಕೊಂಡ್ ಹೋಗು. ಏನ್ ಬೇಕೋ ಉಣಸು. ಬಾಯಿ ತೊಳ್ಸು. ಆಮ್ಯಾಲ ಒಳಗ ತಗೊಂಡ್ ಬಾ."

"ಹುಳಾ?"

"ಅದೂ ಹೊರಗ! ನಂಗ ಹೇಳಾಕೂ ಬರಬ್ಯಾಡ."

ಪಪ್ಪಾಯ, ನುಗ್ಗೆಸೊಪ್ಪು, ಬರೀ ಅಂಟು ಮನೆಯೊಳಗೆ ಗಂಗಮ್ಮನ ಖಾತೆ. ಮೊಟ್ಟೆ, ಚಿಪ್ಪು, ಹುಳು ನನ್ನ ಖಾತೆ. ಲಗ್ಗೆರೆಯ ಪತ್ತೇದಾರ ದ್ಯಾಮಣ್ಣ, ಕೊರಳಿಗೆ ಚಂಚಿ ಕಟ್ಟಿಕೊಂಡು, ಪ್ರತಿ ಸಂಜೆ ಹೆಬ್ಬಗೋಡಿಯ ಆವಲಪ್ಪನ ಎಗ್ ಗಾಡಿಗೆ!

"ಒಂದು ಬಾಯಿಲ್ಡ್, ಉಪ್ಪಿಲ್ಲ, ಖಾರ ಇಲ್ಲ," ಎನ್ನುತ್ತಿದ್ದೆ.

"ಬಿ.ಪಿ.ನಾ ಅಣ್ಣ?" ಎಂದು ಆವಲಪ್ಪ ಕೇಳುತ್ತಿದ್ದ.

ಗುಂಡ ತಿಂದ. ಚಿಪ್ಪಿನ ಪುಡಿ ನೆಕ್ಕಿದ. ರೇಷ್ಮೆಹುಳು ಕಂಡರೆ ನನ್ನ ಬೆರಳೂ ಬಿಡುತ್ತಿರಲಿಲ್ಲ. ತಿಂದ ಮೇಲೆ ಒದ್ದೆ ಹತ್ತಿಯಿಂದ ಅವನ ಮೂತಿ ಒರೆಸಿ, ಯಂಕಪ್ಪನ ಸೆಲ್ಯೂಟ್ ತಗೊಂಡು ಮನೆಗೆ. ಬಾಗಿಲಲ್ಲಿ ಗಂಗಮ್ಮ ಬಗ್ಗಿ ಅವನ ಬಾಯಿ ಮೂಸುತ್ತಿದ್ದರು. ಪಾಸಾದರೆ ಮಾತ್ರ ಒಳಗೆ.

ತೆವಳುವುದು ನಿಂತಿತು. ನಡೆದ. ನನ್ನ ತೋಳು ಹತ್ತಿದ. ಆದರೆ ಹಾರಲಿಲ್ಲ. ದಿನಾ ಸಂಜೆ ಶೈಲಾ ಫೋನಿನಲ್ಲಿ ಕೇಳುತ್ತಿದ್ದದ್ದು ಒಂದೇ: "ಹಾರಿದ್ನೇನ್ರಿ?"

ಮೊನ್ನೆ ಸಂಜೆ ಗಾಡಿಯ ಹತ್ತಿರ ಜನ ಜಾಸ್ತಿ. ಗುಂಡ ನನ್ನ ನೆತ್ತಿ ಏರಿ ಕೂತಿದ್ದ. ಇದ್ದಕ್ಕಿದ್ದಂತೆ ಅವನ ಮೈ ಬಿಗಿಯಿತು. ಹಿಂಗಾಲು ನನ್ನ ತಲೆಗೆ ಒತ್ತಿದ...

ಚಿಮ್ಮಿದ!

ನಾಲ್ಕೂ ಕಾಲು ಚಾಚಿ, ಪರದೆ ಬಿಚ್ಚಿ, ಎಲ್ಲಾ ಗಿರಾಕಿಗಳ ತಲೆ ಮೇಲೆ ತೇಲಿ ಹೋದ! ನಾನು ಮಕ್ಕಳ ಹಾಗೆ ಕೂಗಿಬಿಟ್ಟೆ. ಗುಂಡ ಸೀದಾ ಹೋಗಿ ಇಳಿದದ್ದು ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದವನೊಬ್ಬನ ಡಬಲ್ ಆಮ್ಲೆಟ್ ಮೇಲೆ.

ಆತ ಕಿರುಚಿ ತಿರುಗಿದ. ಕೊರಳಲ್ಲಿ ಕಂಪನಿಯ ಬ್ಯಾಡ್ಜು. ತುಟಿಯ ಮೇಲೆ ಈರುಳ್ಳಿ.

ರುದ್ರೇಶ್! ಗಂಗಮ್ಮನ ಮಗ!

"ಅಣ್ಣಾರ..." ಅವನು ಕೈ ಮುಗಿದ. "ನಿಮ್ಮ ಕಾಲಿಗೆ ಬೀಳ್ತೀನಿ, ಅವ್ವಗ ಹೇಳಬ್ಯಾಡ್ರಿ!"

ಗುಂಡ ಯಾರನ್ನೂ ನೋಡದೆ ತಿನ್ನುತ್ತಲೇ ಇದ್ದ. ತಿನ್ನಲಿ ಬಿಡಿ! ಆ ಮನೆಯಲ್ಲಿ ಗಂಗಮ್ಮನ ಅಪ್ಪಣೆ ಪಡೆದು ಮೊಟ್ಟೆ ತಿನ್ನುವ ಗಂಡಸು ಅವನೊಬ್ಬನೇ!