ಮುಖ ತೊಳೆದು ಬನ್ನಿ

"ಮೊದಲು ಮುಖ ತೊಳ್ಕೊಂಡು ಬನ್ನಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು!

ಚರ್ಮದ ಕ್ಲಿನಿಕ್‌ನ ಮೂಲೆಯ ಕೋಣೆಯಲ್ಲಿ ಕುಳಿತಿದ್ದ ಆಹಾರ ತಜ್ಞ ಹೇಳಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಕೂತ್ಕೊಳ್ಳಿ ಅನ್ನುವುದಿಲ್ಲ. ಅವಳೋ ಮದುಮಗಳಿಗೆ ಮೇಕಪ್ ಮಾಡುವುದರಲ್ಲಿ ಎತ್ತಿದ ಕೈ. ಊರಿನವರ ಮುಖವನ್ನೆಲ್ಲ ತಿದ್ದಿದವಳು ತನ್ನ ಮುಖದ ಮೊಡವೆಗಳನ್ನು ಮಾತ್ರ ವರ್ಷಗಳಿಂದ ದಪ್ಪ ಫೌಂಡೇಶನ್ ಕೆಳಗೆ ಮುಚ್ಚಿಟ್ಟುಕೊಂಡಿದ್ದಳು. ಹೊರಗಿನ ಒಬ್ಬ ಗಂಡಸಿನ ಎದುರು ಅದನ್ನು ತೊಳೆಯುವುದೇ?

"ಮುಖಕ್ಕೂ ನಿಮ್ಗೂ ಏನ್ರೀ ಸಂಬಂಧ? ನೀವು ಹೊಟ್ಟೆ ನೋಡೋರು ತಾನೇ?"

"ಹೌದು. ಹೊಟ್ಟೆ ಕೆಟ್ಟಿರೋದು ಕೆಲವರಿಗೆ ಮುಖದಲ್ಲೂ ಕಾಣುತ್ತೆ. ಮುಚ್ಚಿಟ್ರೆ ನಾನೇನು ನೋಡ್ಲಿ ಹೇಳಿ?"

ಸಿಟ್ಟಿನಿಂದಲೇ ತಿರುಗಿ ಹೋದಳು. ಬೇಸಿನ್ ಮುಂದೆ ನಿಂತು ತಿಕ್ಕಿ ತಿಕ್ಕಿ ತೊಳೆದಳು. ನೀರಿನ ಜೊತೆ ಕಣ್ಣೀರೂ ಹೋಯಿತು. ವಾಪಸ್ ಬಂದು ಅವನ ಎದುರು ಕುಳಿತು, 'ನೋಡು, ಈಗ ನೋಡಿ ಅಯ್ಯೋ ಅನ್ನು!' ಎಂದು ಮನಸ್ಸಿನಲ್ಲೇ ಸವಾಲು ಹಾಕಿದಳು.

ಅವನು ನೋಡಿದ. ಅಯ್ಯೋ ಅನ್ನಲಿಲ್ಲ.

"ಬೆಳಿಗ್ಗೆ ಏನು ತಿಂದ್ರಿ?"

"ಕಾಫಿ."

"ತಿಂದಿದ್ದು ಕೇಳ್ದೆ."

"…ಬಿಸ್ಕೆಟ್."

"ಮಧ್ಯಾಹ್ನ?"

"ಆಗ್ಲೂ ಬಿಸ್ಕೆಟ್ಟೇ. ಕ್ರೀಮ್ ಇರೋದು."

ಅವನ ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. ಅವಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು, ಆದರೆ ಒಪ್ಪಿಕೊಳ್ಳುವ ಜಾತಿಯಲ್ಲ ಅವಳು.

ತಾನು ನುಂಗುತ್ತಿದ್ದ ಮಾತ್ರೆಗಳ ಡಬ್ಬಗಳನ್ನೆಲ್ಲ ಬ್ಯಾಗಿನಿಂದ ಮೇಜಿನ ಮೇಲೆ ಸುರಿದಳು. ಹೊಳಪಿಗೊಂದು, ಕೂದಲಿಗೊಂದು, ಉಗುರಿಗೊಂದು. ಇನ್ನೊಂದು ಯಾಕೆ ಕೊಂಡಿದ್ದೆಂದು ಅವಳಿಗೇ ಮರೆತುಹೋಗಿತ್ತು.

"ಇಷ್ಟನ್ನೂ ನುಂಗ್ತೀರಾ?"

"ಒಂದಲ್ಲ ಒಂದು ಕೆಲಸ ಮಾಡುತ್ತಲ್ಲಾ ಅಂತ…"

"ಮಾಡಿದೆ. ಅಂಗಡಿಯವನಿಗೆ."

ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸುವ ಒಂದೇ ಒಂದು ಕ್ಯಾಪ್ಸೂಲ್ ಉಳಿಸಿದ. ಹೊತ್ತು ಹೊತ್ತಿಗೆ ಊಟ, ಮೊಸರು, ಕಾಳು, ಹಣ್ಣು, ಮತ್ತೆ ಸೊಪ್ಪು… ಸೊಪ್ಪು ಎಂದಾಗ ಅವಳು ಮುಖ ಕಿವುಚಿದಳು.

"ಇಲ್ಲಿನ ಡಾಕ್ಟರ್ ಕೊಟ್ಟಿರೋ ಕ್ರೀಮ್ ನಿಲ್ಲಿಸ್ಬೇಡಿ. ಇದೇನೂ ಜಾದೂ ಅಲ್ಲ. ಕೆಲವರಿಗೆ ಉಪಯೋಗ ಆಗುತ್ತೆ, ಕೆಲವರಿಗೆ ಇಲ್ಲ. ನಿಮ್ಗೆ ಹೇಗೋ ನೋಡೋಣ."

ಇಷ್ಟು ವರ್ಷಗಳಲ್ಲಿ ಅವಳಿಗೆ ಯಾರೂ ಹೀಗೆ ಹೇಳಿರಲಿಲ್ಲ. ಎಲ್ಲರೂ ಗ್ಯಾರಂಟಿ ಕೊಟ್ಟವರೇ. ಗ್ಯಾರಂಟಿ ಕೊಡದ ಈ ಮನುಷ್ಯನ ಮೇಲೆ ಯಾಕೋ ನಂಬಿಕೆ ಬಂತು.

ಅಂದಿನಿಂದ ದಿನವೂ ಬೆಳಿಗ್ಗೆ ಅವನ ಫೋನ್ ಬರತೊಡಗಿತು.

"ಹೊಟ್ಟೆ ಹೇಗಿದೆ?"

"ಪರವಾಗಿಲ್ಲ. ಉಬ್ಬರ ಕಮ್ಮಿ ಆಗಿದೆ."

ಇದೂ ಒಂದು ಪ್ರೇಮ ಸಂಭಾಷಣೆಯೇ ಎಂದು ನಗಬೇಡಿ! ಅವಳ ಅತ್ತಿಗೆ ನಕ್ಕಿದ್ದು ಸಾಕು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಬೆಳೆಸಿದ ಅಣ್ಣನ ಹೆಂಡತಿ ಆಕೆ. ಅತ್ತಿಗೆಗಿಂತ ಗೆಳತಿಯೇ ಹೆಚ್ಚು.

"ಅಲ್ವೇ ಪುಟ್ಟಿ, ಹೊಟ್ಟೆ ವಿಚಾರಿಸೋಕೆ ಫೋನ್ ಬಂದ್ರೆ ಕೆನ್ನೆ ಕೆಂಪಾಗೋ ಹುಡುಗೀನ ನಾನು ಇವತ್ತೇ ನೋಡಿದ್ದು!"

"ಸುಮ್ನಿರಿ ಅತ್ತಿಗೆ. ಅದು ಮೊಡವೆ ಕೆಂಪು."

"ಮೊಡವೆ ಕಮ್ಮಿ ಆಗ್ತಿದೆಯಲ್ಲ. ಕೆಂಪು ಜಾಸ್ತಿ ಆಗ್ತಿದೆ."

ನಿಜಕ್ಕೂ ಮೊಡವೆ ಇಳಿಯುತ್ತಿತ್ತು. ಕನ್ನಡಿ ಮುಂದೆ ನಿಲ್ಲಲು ಹೆದರಿಕೆಯಾಗದ ಬೆಳಗುಗಳು ಬಂದವು. ಅವಳು ಅದನ್ನು ಮೊದಲು ಹೇಳಿದ್ದು ಅವನಿಗೇ.

ಒಂದು ದಿನ ಅವನ ದನಿ ಸಪ್ಪಗಿತ್ತು.

"ಏನಾಯ್ತು? ಇವತ್ತು ನಿಮ್ಮ ಹೊಟ್ಟೆ ಸರಿ ಇಲ್ವಾ?"

"ನಮ್ಮ ದೊಡ್ಡ ಡಾಕ್ಟರಮ್ಮಂಗೆ ನನ್ನ ವಿಭಾಗದ ಮೇಲೆ ನಂಬಿಕೆ ಇಲ್ಲ. ಚರ್ಮದ ಕ್ಲಿನಿಕ್‌ನಲ್ಲಿ ಸೊಪ್ಪಿನ ಪಾಠ ಯಾಕೆ ಅಂತಾರೆ. ಸೋಮವಾರ ಪೇಷಂಟ್‌ಗಳನ್ನ ಅವ್ರೇ ನೋಡ್ತಾರಂತೆ. ಸುಧಾರಣೆ ಕಾಣದಿದ್ರೆ ಕೋಣೆ ಮುಚ್ಚಿಸ್ತಾರೆ. ನೀವು ಬರ್ತೀರಾ? ಈಗಿರೋ ಹಾಗೇ ಬಂದ್ರೆ ಸಾಕು."

"ಬರ್ತೀನಿ!"

ಈಗಿರುವ ಹಾಗೆಯೇ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರೀತಿಗೆ ಬಿದ್ದವರಿಗೆ ಇದ್ದದ್ದು ಸಾಲುತ್ತದೆಯೇ? ಇನ್ನೂ ಚೆನ್ನಾಗಿ ಕಾಣಬೇಕು, ಅವನು ಗೆಲ್ಲಬೇಕು! ಮುಖಕ್ಕೆ ಹೊಳಪು ಬರುತ್ತದೆಂದು ಗಿರಾಕಿಯೊಬ್ಬಳು ಕೊಟ್ಟ ಪ್ರೋಟೀನ್ ಪುಡಿಯನ್ನು ಅವನಿಗೆ ತಿಳಿಸದೆ ಹಾಲಿಗೆ ಬೆರೆಸಿ ಕುಡಿಯತೊಡಗಿದಳು. ಸೋಮವಾರ ಬರುವಷ್ಟರಲ್ಲಿ ಗದ್ದದಿಂದ ಕೆನ್ನೆಯವರೆಗೆ ಮೊಡವೆ ಎದ್ದು ನಿಂತಿತು.

ಫೋನ್ ಕೈಗೆತ್ತಿಕೊಂಡಳು… ಇಟ್ಟಳು. ನಿಜ ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ?

ಅವಳ ಕೈಗೆ ಬರುತ್ತಿದ್ದುದು ಒಂದೇ ವಿದ್ಯೆ. ಕುಂಚ ಹಿಡಿದು ಕುಳಿತಳು. ಮೇಕಪ್ ಇಲ್ಲವೇ ಇಲ್ಲ ಅನ್ನಿಸುವಂಥ ಮೇಕಪ್ ಅದು. ಉಬ್ಬುಗಳ ಕೆಂಪನ್ನು ಅಡಗಿಸಿದಳು, ನಂಬಿಕೆ ಬರಲೆಂದು ಅಲ್ಲಲ್ಲಿ ಒಂದೆರಡು ಹಳೆಯ ಕಲೆಗಳನ್ನು ತಾನೇ ಬರೆದಳು.

ಕ್ಲಿನಿಕ್‌ನಲ್ಲಿ ಅವಳನ್ನು ಕಂಡ ಕೂಡಲೇ ಅವನ ಮುಖ ಅರಳಿತು.

"ಎಷ್ಟು ಸುಧಾರಿಸಿದೆ! ನಂಗೆ ಎಷ್ಟು ಖುಷಿ ಆಗ್ತಿದೆ ಗೊತ್ತಾ?"

ಅವಳು ಬಾಯಿ ತೆರೆದಳು. ಈಗಲೇ ಹೇಳಿಬಿಡಲೇ? ಅಷ್ಟರಲ್ಲಿ ಇಬ್ಬರನ್ನೂ ಒಳಗೆ ಕರೆದರು.

ದೊಡ್ಡ ಡಾಕ್ಟರಮ್ಮ ದೀಪ ಹತ್ತಿರಕ್ಕೆ ಎಳೆದು, ಬೆರಳಿಂದ ಕೆನ್ನೆ ಸವರಿದರು. ಹುಬ್ಬು ಗಂಟಿಕ್ಕಿತು. ಒದ್ದೆ ಹತ್ತಿ ತೆಗೆದುಕೊಂಡು ಒಮ್ಮೆ ಒರೆಸಿದರು.

ಹತ್ತಿ ಕಂದು ಬಣ್ಣಕ್ಕೆ ತಿರುಗಿತು.

ಅವನು ಆ ಹತ್ತಿಯನ್ನು ನೋಡಿದ. ಬಳಿಕ ಕಿಟಕಿಯಾಚೆ ನೋಡುತ್ತ ನಿಂತ. ಅವಳ ಕಡೆ ತಿರುಗಲೇ ಇಲ್ಲ.

ಮರುದಿನ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ.

"ನನ್ನ ಮುಖ ನೋಡಿ ಅವ್ರಿಗೆ ಅಸಹ್ಯ ಆಗಿದೆ ಅತ್ತಿಗೆ…" ಎಂದು ದಿಂಬಿಗೆ ಮುಖ ಒತ್ತಿ ಅತ್ತಳು.

ಅತ್ತಿಗೆ ಅವಳ ತಲೆ ಸವರಿದಳು. "ದಡ್ಡಿ! ಆ ಮುಖಾನ ಅವ್ರು ಮೊದಲ ದಿನವೇ ನೋಡಿದಾರೆ ಕಣೇ. ನೋಡಿ ತಾನೇ ದಿನಾ ಫೋನ್ ಮಾಡಿದ್ದು? ಅವ್ರಿಗೆ ನೋವಾಗಿರೋದು ನಿನ್ನ ಮುಖದಿಂದಲ್ಲ."

ಅಳು ನಿಂತಿತು. ಹೌದಲ್ಲ! ತನ್ನ ಮುಖದ ಚಿಂತೆಯಲ್ಲಿ ಅವನ ಮರ್ಯಾದೆ ಹೋದದ್ದೇ ಅವಳಿಗೆ ಕಂಡಿರಲಿಲ್ಲ.

ಎದ್ದಳು. ಮುಖಕ್ಕೆ ಏನೂ ಹಚ್ಚಲಿಲ್ಲ. ಬಸ್ಸಿನಲ್ಲಿ ಜನ ನೋಡಿದರು, ನೋಡಲಿ ಬಿಡು ಎಂದುಕೊಂಡಳು. ನೇರ ದೊಡ್ಡ ಡಾಕ್ಟರಮ್ಮನ ಎದುರು ಹೋಗಿ ನಿಂತಳು.

"ಮೇಡಂ, ತಪ್ಪು ನಂದು. ಅವ್ರು ಹೇಳಿದ ಹಾಗೆ ಇದ್ದಾಗ ಮೊಡವೆ ಇಳಿದಿತ್ತು. ಆಮೇಲೆ ಅವ್ರಿಗೆ ಹೇಳ್ದೆ ನಾನು ಏನೋ ಪುಡಿ ಕುಡಿದೆ. ಬಣ್ಣ ಹಚ್ಕೊಂಡು ಬರೋದು ಅವ್ರಿಗೆ ಗೊತ್ತೇ ಇರ್ಲಿಲ್ಲ. ನನ್ನಿಂದ ಅವ್ರ ಕೋಣೆ ಮುಚ್ಬೇಡಿ."

ಡಾಕ್ಟರಮ್ಮ ಅವಳ ಬಣ್ಣವಿಲ್ಲದ ಮುಖವನ್ನು ದಿಟ್ಟಿಸಿದರು. ಅವರ ದನಿ ಮೆತ್ತಗಾಗಿತ್ತು.

"ಅಂಥ ಪುಡಿ ಕೆಲವರಿಗೆ ಮೊಡವೆ ತರಿಸುತ್ತಮ್ಮ. ಆಯ್ತು, ಅವ್ರಿಗೆ ಇನ್ನೂ ಸ್ವಲ್ಪ ಕಾಲ ಕೊಟ್ಟು ನೋಡ್ತೀನಿ. ಆದ್ರೆ ಒಂದು ವಿಷ್ಯ… ನಿನ್ನ ಕೇಸು ತನಗೆ ಬೇಡ ಅಂತ ಅವ್ರು ನಂಗೆ ವಾಪಸ್ ಕೊಟ್ಟಿದಾರೆ."

ಅವನ ಕೆಲಸ ಉಳಿಯಿತು, ಅವನು ಉಳಿಯಲಿಲ್ಲ.

ಹೊರಗೆ ಬಂದರೆ ಕಾರಿಡಾರಿನಲ್ಲಿ ಅವನೇ! ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ.

"ಕ್ಷಮಿಸಿ," ಎಂದಳು ತಲೆ ತಗ್ಗಿಸಿ.

"ಕೋಪ ಬಂದಿತ್ತು, ಸುಳ್ಳು ಹೇಳಲ್ಲ. ನನ್ನ ಹತ್ರ ಹೇಳೋಕೆ ಹೆದರ್ಕೊಂಡ್ರಲ್ಲ, ಅದಕ್ಕೆ ಜಾಸ್ತಿ ಬೇಜಾರಾಯ್ತು."

"ಅದಕ್ಕೇ ನನ್ನ ಕೇಸು ಬಿಟ್ರಾ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಒರೆಸಿದ್ದು ಸಾಲದೇನೋ ಎಂಬಂತೆ ಮತ್ತೆ ತೆಗೆದ.

"ಪೇಷಂಟ್ ಹೊಟ್ಟೆ ಬಗ್ಗೆ ಯೋಚ್ನೆ ಮಾಡೋದು ನನ್ನ ಕೆಲಸ. ದಿನವಿಡೀ ಪೇಷಂಟ್ ಬಗ್ಗೇನೇ ಯೋಚ್ನೆ ಬಂದ್ರೆ… ನಾನು ಅವ್ರನ್ನ ನೋಡ್ಕೊಳ್ಳೋದು ಸರಿಯಲ್ಲ. ಅದಕ್ಕೆ ಬಿಟ್ಟೆ."

ಅವಳು ತಲೆ ಎತ್ತಿದಳು. ಕಿಟಕಿಯ ಬಿಸಿಲು ಅವಳ ಮುಖದ ಮೇಲೆ, ಮೊಡವೆಗಳ ಮೇಲೆ, ಒದ್ದೆ ಕಣ್ಣುಗಳ ಮೇಲೆ ಬಿದ್ದಿತ್ತು. ಅವಳು ಯಾವುದನ್ನೂ ಮರೆಮಾಡಲಿಲ್ಲ.

"ಇನ್ಮೇಲೆ ನಂಗೆ ಏನಿದ್ರೂ ನಿಜ ಹೇಳ್ಬೇಕು," ಎಂದ ಅವನು.

"ಹಾಗಾದ್ರೆ ಈಗ್ಲೇ ಹೇಳ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ… ನಿಮ್ಮ ಸೊಪ್ಪು ಮಾತ್ರ ಒಂಚೂರೂ ಇಷ್ಟ ಇಲ್ಲ!"

ಅವನು ಮನಸಾರೆ ನಕ್ಕ. ಅವನು ಹಾಗೆ ನಗುವುದನ್ನು ಅವಳು ಕಂಡದ್ದು ಅದೇ ಮೊದಲು.

"ಸೊಪ್ಪು ತಿನ್ಲೇಬೇಕು."

"ನೀವೇ ಮಾಡಿ ಬಡಿಸಿದ್ರೆ ತಿಂತೀನಿ."

"ದಿನಾನಾ?"

"ದಿನಾ," ಎಂದಳು ಅವಳು.