ಟೆಂಟಿನಲ್ಲಿ ತಂಬಿಟ್ಟಿನ ಆರತಿ

ತಗಡಿನ ಟ್ರಂಕು ಹೊಸಿಲು ದಾಟಿ ಅಂಗಳದಲ್ಲಿ ಧಡಾರನೆ ಬಿದ್ದಾಗ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅದರ ಮುಚ್ಚಳ ಕಳಚಿಕೊಂಡು, ಅಂಜಿನಮ್ಮ ಧಾರೆಗೆ ಉಟ್ಟಿದ್ದ ಕೆಂಪು ಸೀರೆ ಧೂಳಿಗೆ ಬಿತ್ತು.

"ಎತ್ಕೊಂಡು ನಡಿ ನಿಮ್ಮಪ್ಪನ ಮನೆಗೆ!" ಅತ್ತೆ ಸಪ್ಪಲಮ್ಮನ ಕೂಗು ಬೀದಿಯ ಕೊನೆಗೂ ಕೇಳಿಸಿತು. "ಮಾನ ಮರ್ಯಾದೆ ಇರೋ ಮನೆ ಇದು. ಗಂಡಸ್ರು ಕಿಕ್ಕಿರಿದಿರೋ ಕಡೆ ಬಾಯಲ್ಲಿ ಬೆರಳಿಟ್ಟು ಶಿಳ್ಳೆ ಹೊಡೆಯೋ ಸೊಸೆ ನಂಗ್ಬೇಡ!"

ಅಂಜಿನಮ್ಮ ಓಡಿಬಂದು ಸೀರೆ ಬಾಚಿಕೊಂಡಳು. ಟೆಂಟು ಸಿನಿಮಾಕ್ಕೆ ಕಾಲಿಟ್ಟ ದಿನ ನಿನಗೂ ಈ ಮನೆಗೂ ಋಣ ತೀರಿತು ಎಂದು ಅತ್ತೆ ಹೋದ ಸುಗ್ಗಿಯಲ್ಲೇ ಹೇಳಿದ್ದಳು. ಹಾಗಿದ್ದೂ ನಿನ್ನೆ ಅರಿಶಿನ ಕುಂಕುಮದ ನೆಪ ಹೇಳಿ ಹೋಗಿದ್ದಳು ಈ ಹುಡುಗಿ! ಹೋಗಿ ಸುಮ್ಮನೆ ಕೂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತೌರಿನಲ್ಲಿ ಎಮ್ಮೆ ಮೇಯಿಸಿ ಬೆಳೆದವಳು. ಕೆರೆಯಾಚೆಯ ಎಮ್ಮೆಯೂ ತಿರುಗಿ ಬರುವಂಥ ಶಿಳ್ಳೆ ಅವಳದು. ಪರದೆಯ ಮೇಲೆ ಕತ್ತಿ ಹಿಡಿದ ಹೆಂಗಸು ಕೋಟೆಯ ಗೋಡೆಯಿಂದ ಕುದುರೆಯ ಬೆನ್ನಿಗೆ ಹಾರಿದಾಗ ಬೆರಳು ತಾವಾಗಿ ಬಾಯಿಗೆ ಹೋಗಿದ್ದವು. ಪಕ್ಕದ ಮನೆಯ ಮುನಿವೆಂಕಟಮ್ಮನೂ ಟೆಂಟಿನಲ್ಲೇ ಇದ್ದಳು. ಬೆಳಗಾಗುವುದರಲ್ಲಿ ಸುದ್ದಿ ಬಾವಿಕಟ್ಟೆಗೆ ಬಂದಿತ್ತು.

ತೌರಿಗೆ ಹೋಗುವುದೆಂದರೆ ಎಲ್ಲಿಗೆ? ಹೆತ್ತಮ್ಮ ಇಲ್ಲ. ಚಿಕ್ಕಮ್ಮನ ಆಳ್ವಿಕೆಯ ಮನೆ, ಹಬ್ಬಕ್ಕೆ ಹೋದರೇ ಮುಖ ಗಂಟಿಕ್ಕುವವಳು ಟ್ರಂಕು ಹೊತ್ತು ಹೋದರೆ ಬಾಗಿಲು ತೆಗೆಯುತ್ತಾಳೆಯೇ? ಗಂಡ ರಾಮಾಂಜಿನಪ್ಪನೋ, ಬಂಗಾರದಂಥ ಮನುಷ್ಯ, ಆದರೆ ಅಮ್ಮನ ಮುಂದೆ ಅವನ ನಾಲಿಗೆ ಏಳದು. ಕಂಬಕ್ಕೊರಗಿ ತಲೆ ಕೆರೆಯುತ್ತಾ ನಿಂತಿದ್ದ.

"ಅತ್ತೇ... ಅದು ಸಿನಿಮಾ ಅಲ್ಲ..." ಎಂದಳು ಅಂಜಿನಮ್ಮ ಬಿಕ್ಕುತ್ತಾ.

"ಮತ್ತೇನೇ?"

"ದೇವ್ರು ಅತ್ತೆ! ಕತ್ತಿಯಮ್ಮ! ಅವಳು ಬಂದ ತಕ್ಷಣ ನಂಗೆ ಮೈಮೇಲೆ ಬಂದಂಗಾಯ್ತು. ಶಿಳ್ಳೆ ನಾನು ಹೊಡೀಲಿಲ್ಲ... ಅವಳೇ ಹೊಡೆಸಿದ್ಲು!"

ಸುಳ್ಳು ಬಾಯಿಂದ ಜಾರಿಬಿಟ್ಟಿತ್ತು. ಅದು ತೆಲುಗಿನ ಯಾವುದೋ ಹಳೆಯ ಪಿಚ್ಚರು. ಮಾಂತ್ರಿಕರು, ಎದ್ದು ಕುಣಿಯುವ ಅಸ್ಥಿಪಂಜರಗಳು, ಹಾರುವ ಮಂಚ, ನಡುವೆ ಪ್ಯಾಂಟು ಬೂಟು ಹಾಕಿ ಕತ್ತಿ ತಿರುಗಿಸುವ ಒಬ್ಬ ಹೆಣ್ಣು. ಆಕೆಯ ಹೆಸರು ನೆನಪಿಡುವ ಗೋಜಿಗೆ ಹೋಗದೆ ಸಮೇತನಹಳ್ಳಿಯವರು ಕತ್ತಿಯಮ್ಮ ಎಂದುಬಿಟ್ಟಿದ್ದರು. ಆಕೆ ದೇವರಲ್ಲ, ದೇವರ ನೆಂಟಳೂ ಅಲ್ಲ.

ಆದರೆ ಸಪ್ಪಲಮ್ಮನ ಎತ್ತಿದ ಕೈ ಹಾಗೇ ನಿಂತಿತು. ಯಾರಿಗೂ ಹೆದರದ ಅವಳು ಹೆದರುತ್ತಿದ್ದುದು ಊರು ಕಾಯುವ ದೇವತೆಗಳಾದ ಅಮ್ಮಂದಿರಿಗೆ ಮಾತ್ರ. ಮಗನತ್ತ ತಿರುಗಿ, "ಹೌದೇನ್ಲಾ?" ಎಂದಳು.

ರಾಮಾಂಜಿನಪ್ಪ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ. "ಹೂಂ ಕಣಮ್ಮ... ದೇವ್ರೇ. ರಾಕ್ಷಸರನ್ನ ಕಡೀತಾಳೆ."

"ಅಯ್ಯೋ ಪಾಪಿಗಳಾ! ಊರಿಗೆ ಅಮ್ಮ ಬಂದು ಒಂದು ವಾರ ಆಯ್ತು, ಒಂದು ಆರತಿ ಇಲ್ಲ, ಕಾಯಿಲ್ಲ! ಲೇ ಅಂಜಿನಿ, ಅಕ್ಕಿ ನೆನೆಹಾಕು. ಗಂಡ ಸತ್ತೋಳು ನಾನು ಆರತಿ ಹೊರೋ ಹಂಗಿಲ್ಲ, ನೀನೇ ಹೊರಬೇಕು. ಟ್ರಂಕು ಅಲ್ಲೇ ಬಿದ್ದಿರಲಿ. ನಿನ್ನ ವಿಚಾರ ಬಂದ್ಮೇಲೆ ನೋಡ್ಕೋತೀನಿ."

ಅಕ್ಕಿ ಕುಟ್ಟುತ್ತಿದ್ದರೆ ಅಂಜಿನಮ್ಮನ ಕಣ್ಣೀರು ಒರಳಿಗೇ ಬೀಳುವಂತಿತ್ತು. ಅತ್ತೆ ಬೆಳಗಿನಿಂದ ಹನಿ ನೀರೂ ಕುಡಿಯದೆ ಉಪವಾಸವಿದ್ದಳು. ಆ ಮುಖ ನೋಡಲಾರದೆ ಸೊಸೆ ಒನಕೆಯನ್ನು ಇನ್ನೂ ಜೋರಾಗಿ ಹಾಕಿದಳು.

"ನಿಜ ಹೇಳ್ಬಿಡೋಣ್ವಾ?" ಎಂದು ಗಂಡ ಪಿಸುಗುಟ್ಟಿದ.

"ನೀವು ಹೇಳ್ತೀರಾ?"

ಅವನು ಎತ್ತುಗಳಿಗೆ ಹುಲ್ಲು ಹಾಕುವುದಿದೆ ಎಂದು ಎದ್ದುಹೋದ. ಬೆಲ್ಲ ಬೆರೆಸಿದ ಹಿಟ್ಟು ಅತ್ತೆಯ ಕೈಯಲ್ಲಿ ಗುಂಡಗಿನ ತಂಬಿಟ್ಟಾಯಿತು. ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪದ ಬತ್ತಿ ಇಟ್ಟು, ಕನಕಾಂಬರ ಸುತ್ತಿದಳು. ಅಷ್ಟರಲ್ಲಿ ಟೆಂಟಿನ ಮೈಕಿನಲ್ಲಿ ದೇವರ ಹಾಡಿನ ರೆಕಾರ್ಡು ಶುರುವಾಯಿತು. ಅದು ಕೇಳಿಸಿತೆಂದರೆ ಮೊದಲ ಆಟಕ್ಕೆ ಟಿಕೆಟ್ಟು ಕೊಡುತ್ತಿದ್ದಾರೆ ಎಂದರ್ಥ. ಸಪ್ಪಲಮ್ಮ ಅದನ್ನು ಪೂಜೆಗೆ ಕರೆಯೆಂದೇ ತಿಳಿದು ಕೈಮುಗಿದಳು.

ತಲೆಯ ಮೇಲೆ ಆರತಿ ತಟ್ಟೆ ಹೊತ್ತ ಸೊಸೆ, ಹಿಂದೆ ಕಾಯಿ ಹಿಡಿದ ಅತ್ತೆ, ಅವಳ ಹಿಂದೆ ಬೆವರುತ್ತಿದ್ದ ಮಗ. ಈ ಮೆರವಣಿಗೆ ಕಂಡು ಟಿಕೆಟ್ಟು ಹರಿಯುತ್ತಿದ್ದ ಗಂಗಣ್ಣ ಬಾಯಿ ತೆರೆದ. ಅಂಜಿನಮ್ಮ ಕಣ್ಣಲ್ಲೇ ಬೇಡಿಕೊಂಡಳು. ದೇವರ ಪಿಚ್ಚರು ಹಾಕಿದಾಗ ಅಜ್ಜಿಯಂದಿರು ಕಾಯಿ ಒಡೆಯುವುದನ್ನು ಕಂಡಿದ್ದ ಆತ ಏನೋ ಅರ್ಥಮಾಡಿಕೊಂಡು, "ಒಳಗೆ ಹೋಗ್ರಮ್ಮ. ದೀಪ ಮಾತ್ರ ಪರದೆ ಹತ್ರ ತಗೊಂಡು ಹೋಗ್ಬೇಡಿ," ಎಂದ.

ಅತ್ತೆ ಸೊಸೆ ಹೆಂಗಸರ ಕಡೆ ಮರಳಿನ ಮೇಲೆ ಕೂತರು. ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಆಚೆ ಗಂಡಸರ ಬೆಂಚುಗಳು. ಟೆಂಟಿನ ದೀಪ ಆರಿತು. ಮಾಂತ್ರಿಕ ಬಂದ, ಅಸ್ಥಿಪಂಜರಗಳು ಕುಣಿದವು.

"ಅಮ್ಮ ಎಲ್ಲೇ?" ಕೈಮುಗಿದೇ ಕೇಳಿದಳು ಅತ್ತೆ.

"ಬರ್ತಾಳೆ ಅತ್ತೆ..."

ಬಂದಳು! ಕುದುರೆಯ ಮೇಲೆ, ಪ್ಯಾಂಟು ಹಾಕಿಕೊಂಡು, ಕತ್ತಿ ಝಳಪಿಸುತ್ತಾ ಬಂದಳು. ಟೆಂಟೇ ಹಾರಿಹೋಗುವಂತೆ ಜನ ಕೂಗಿದರು. ಅಂಜಿನಮ್ಮ ಕಣ್ಣು ಮುಚ್ಚಿ ಕೆನ್ನೆಯ ಮೇಲೆ ಏಟು ಬೀಳುವುದನ್ನೇ ಕಾದಳು. ಬೀಳಲಿಲ್ಲ. ಮೆಲ್ಲಗೆ ನೋಡಿದರೆ, ಅತ್ತೆಯ ಮುಗಿದ ಕೈ ಮಡಿಲಿಗೆ ಇಳಿದಿತ್ತು, ಕಣ್ಣು ಮಾತ್ರ ಪರದೆ ಬಿಟ್ಟು ಕದಲಿರಲಿಲ್ಲ.

ಪರದೆಯ ಮೇಲೆ ಗಂಡ ಸತ್ತ ಬಡಹೆಂಗಸೊಬ್ಬಳನ್ನು, ಹಸುಗೂಸಿನ ಸಮೇತ, ಮೈದುನ ಮನೆಯಿಂದ ಎಳೆದು ಹಾಕುತ್ತಿದ್ದ. ಕತ್ತಿಯಮ್ಮ ಹಾರಿ ಬಂದು ಹೊಸಿಲ ಮೇಲೆ ಅಡ್ಡ ನಿಂತಳು. ದಾಟಿ ನೋಡು ಎಂಬಂತೆ ಕತ್ತಿ ಎತ್ತಿದಳು. ಬೆಂಚುಗಳ ಕಡೆಯಿಂದ ಶಿಳ್ಳೆಯ ಮಳೆ! ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದವನು ಲಕ್ಷ್ಮಯ್ಯ, ಸಪ್ಪಲಮ್ಮನ ಸ್ವಂತ ಮೈದುನ.

ರೀಲು ಬದಲಿಸಲು ದೀಪ ಹತ್ತಿದಾಗ ಅತ್ತೆಯ ಮುಖವೆಲ್ಲ ಒದ್ದೆಯಾಗಿತ್ತು. ಅಂಜಿನಮ್ಮ ಅವಳ ಕಾಲು ಹಿಡಿದುಕೊಂಡಳು. "ತಪ್ಪಾಯ್ತು ಅತ್ತೆ... ಸುಳ್ಳು ಹೇಳ್ಬಿಟ್ಟೆ. ಅವಳು ದೇವ್ರಲ್ಲ..."

"ಪ್ಯಾಂಟು ಹಾಕ್ಕೊಂಡು ಬಂದಾಗ್ಲೇ ಗೊತ್ತಾಯ್ತು ಕಣೇ. ಅಷ್ಟೂ ತಿಳಿಯದ ಪೆದ್ದಿಯೇನೇ ನಾನು?" ಸಪ್ಪಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಮಾವನ ತಿಥಿ ಮುಗಿದ ಮಾರನೆ ದಿನ ಈ ಲಕ್ಷ್ಮಯ್ಯ ನಾಲ್ಕು ಜನ ಕಟ್ಕೊಂಡು ಬಂದ, ನನ್ನನ್ನ ಮನೆಯಿಂದಾಚೆ ಹಾಕೋಕೆ. ಬಗಲಲ್ಲಿ ನಿನ್ನ ಗಂಡ, ಎಳೇ ಕೂಸು. ಕೈಗೆ ಸಿಕ್ಕಿದ್ದು ಕುಡುಗೋಲು. ಹಿಡ್ಕೊಂಡು ಹೊಸಿಲ ಮೇಲೆ ನಿಂತ್ಬಿಟ್ಟೆ. ದಾಟ್ಲಾ ನೋಡೋಣ ಅಂದೆ... ದಾಟಲಿಲ್ಲ."

"ಅತ್ತೇ!"

"ಊರು ಏನಂತು ಗೊತ್ತಾ? ಹೆಮ್ಮಾರಿ ಅಂತು. ಗಂಡಸರ ಮುಂದೆ ಕುಡುಗೋಲು ಎತ್ತಿದ ಗಯ್ಯಾಳಿ ಅಂತು. ನನ್ನ ಸೊಸೆ ಆ ಬಾಯಿಗಳಿಗೆ ಬೀಳಬಾರ್ದು ಅಂತಲೇ ನಾನು ಬಡ್ಕೊಳ್ಳೋದು. ಈಗ ನೋಡು... ನಾ ಮಾಡಿದ್ದನ್ನೇ ಈ ಕತ್ತಿಯಮ್ಮ ಮಾಡಿದ್ಲು. ಇವಳಿಗೆ ಶಿಳ್ಳೆ. ಅದೇ ಲಕ್ಷ್ಮಯ್ಯನೇ ಹೊಡೀತಾವ್ನೆ! ಅವತ್ತು ನಂಗೊಬ್ಬರೂ ಹೊಡೀಲಿಲ್ಲ ಕಣೇ ಅಂಜಿನಿ..."

ಅಂಜಿನಮ್ಮ ಕಡ್ಡಿ ಗೀರಿ ಬತ್ತಿ ಹಚ್ಚಿದಳು. ತಟ್ಟೆ ಎತ್ತಿಕೊಂಡು ಎದ್ದು ನಿಂತಳು. ಪರದೆಯ ಕಡೆ ತಿರುಗಲಿಲ್ಲ; ಅತ್ತೆಯ ಮುಖಕ್ಕೇ ಆರತಿ ಎತ್ತಿದಳು.

"ಅಯ್ಯೋ, ಏನು ಮಾಡ್ತಿದ್ದೀಯೇ! ಗಂಡ ಸತ್ತೋಳಿಗೆ ಯಾರಾದ್ರೂ ಆರತಿ ಎತ್ತುತಾರೇನೇ? ಜನ ನೋಡ್ತಾವ್ರೆ..."

"ನೋಡ್ಲಿ ಅತ್ತೆ."

ಟೆಂಟಿಗೆ ಟೆಂಟೇ ನೋಡಿತು. ಸೋಡಾ ಮಾರುವವನ ಕೈಯಲ್ಲಿ ಬಾಟಲು ಹಾಗೇ ಉಳಿಯಿತು. ಬೇಡ ಬೇಡವೆನ್ನುತ್ತಲೇ ಸಪ್ಪಲಮ್ಮ, ಇಷ್ಟು ವರ್ಷ ಯಾರ ಮನೆಯ ಆರತಿಗೂ ಕೈ ಚಾಚದ ಸಪ್ಪಲಮ್ಮ, ಬೆರಳ ತುದಿಯಿಂದ ಆ ಬಿಸಿಯನ್ನು ಕಣ್ಣಿಗೊತ್ತಿಕೊಂಡಳು.

ಅಂಜಿನಮ್ಮ ತಟ್ಟೆ ಕೆಳಗಿಟ್ಟಳು. ಎರಡು ಬೆರಳು ಬಾಯಿಗಿಟ್ಟಳು. ಕೆರೆಯಾಚೆಯ ಎಮ್ಮೆಯೂ ತಿರುಗಿ ನೋಡುವಂಥ ಶಿಳ್ಳೆ ಹೊಡೆದಳು!

ಲಕ್ಷ್ಮಯ್ಯ ಬೆಚ್ಚಿ ತಿರುಗಿದ. ಮೊದಲು ಚಪ್ಪಾಳೆ ತಟ್ಟಿದವಳು, ನಂಬಿದರೆ ನಂಬಿ, ಹಿಂದೆಯೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಚಾಡಿಯ ಮುನಿವೆಂಕಟಮ್ಮ. "ಕುಡುಗೋಲು ಹಿಡಿದ ದಿನ ನಾ ಕಣ್ಣಾರೆ ಕಂಡಿದ್ದೆ ಕಣ್ರೇ!" ಎಂದು ಆಕೆ ಕೂಗಿದ್ದೇ ತಡ, ಮರಳಿನ ಮೇಲಿದ್ದ ಹೆಂಗಸರೆಲ್ಲ ಕೈ ತಟ್ಟಿದರು. ಗೋಡೆಯಾಚೆ ರಾಮಾಂಜಿನಪ್ಪ ಬೆಂಚಿನ ಮೇಲೆ ಹತ್ತಿ, "ಅದು ನಮ್ಮಮ್ಮ ಕಣ್ರೋ! ನಮ್ಮಮ್ಮ!" ಎಂದು ಅಳುತ್ತಾ ನಗುತ್ತಾ ಬಾಯಿಗೆ ಬೆರಳಿಟ್ಟ. ಅವನಿಗೆ ಶಿಳ್ಳೆ ಬಾರದು; ಬರೀ ಗಾಳಿ ಬಂತು.

ಸಪ್ಪಲಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆರಿದ ದೀಪದ ತಂಬಿಟ್ಟನ್ನು ಮುರಿದು ಒಂದು ಚೂರು ಸೊಸೆಯ ಬಾಯಿಗಿಟ್ಟಳು, ಇನ್ನೊಂದನ್ನು ತಾನು ತಿಂದು ಉಪವಾಸ ಬಿಟ್ಟಳು. ಟೆಂಟಿನ ದೀಪಗಳು ಆರತೊಡಗಿದವು.

"ಮನೆಗೆ ಹೋದ ತಕ್ಷಣ ಆ ಟ್ರಂಕು ಒಳಗಿಡು," ಎಂದಳು. "ಇಬ್ಬನಿ ಬಿದ್ರೆ ತುಕ್ಕು ಹಿಡೀತದೆ."

"ಹೂಂ ಅತ್ತೆ."

ಕತ್ತಲಾಯಿತು. ಕುದುರೆಯ ಸದ್ದು ಮತ್ತೆ ಶುರುವಾಯಿತು. ಸಪ್ಪಲಮ್ಮ ಸೊಸೆಯ ಕಿವಿಯ ಹತ್ತಿರ ಬಗ್ಗಿದಳು.

"ಅಂಜಿನೀ... ಇನ್ನೊಂದು ಸಲ ಹೊಡಿಯೇ."